ಸುತ್ತಿಗೆ ಅಕ್ಕನ ಚಪ್ಪಟೆ ಮೂತಿ ಲಾರಿ

ಕ್ಷೌರಿಕನಿಗೆ ವಾರಕ್ಕೊಂದು ರಜೆ. ಆ ದಿನವಾದರೂ ಕಾಲು ಚಾಚಿ ಮಲಗೋಣವೆಂದರೆ ಹೆಂಡತಿ ಬಿಡಬೇಕಲ್ಲ! ಬೆಳಗಾಗುತ್ತಲೇ ಬೈಕಿನ ಹಿಂದೆ ಕುಳಿತು, "ನಡೀರಿ, ಹೊತ್ತಾಯ್ತು" ಎನ್ನುತ್ತಿದ್ದಳು. ಎಲ್ಲಿಗೆ ಎಂದು ಕೇಳುವುದನ್ನು ಅವನು ಬಿಟ್ಟು ವರ್ಷಗಳಾಗಿದ್ದವು. ಗುಜರಿ ಅಂಗಡಿ, ಮುಚ್ಚಿದ ಗಿರಣಿಯ ಹಿತ್ತಲು, ಪಾಳುಬಿದ್ದ ಗೋದಾಮು, ಒಟ್ಟಿನಲ್ಲಿ ಹಳೆಯ ಲಾರಿ ತುಕ್ಕು ಹಿಡಿದು ಬಿದ್ದಿರುವ ಜಾಗ.

ಆಕೆಯದು ಲಾರಿಗಳ ಟಿಂಕರಿಂಗ್ ಕೆಲಸ. ಷೆಡ್ಡು, ಸುತ್ತಿಗೆ ಎರಡೂ ಅಪ್ಪನಿಂದ ಬಂದವು. ನೆಗ್ಗಿದ ಬಾಗಿಲಿರಲಿ, ಸೊಟ್ಟಗಾದ ಬಂಪರಿರಲಿ, ಬಡಿದು ಹದಕ್ಕೆ ತರುತ್ತಿದ್ದಳು. ಬೀದಿಯವರ ಬಾಯಲ್ಲಿ ಆಕೆ ಸುತ್ತಿಗೆ ಅಕ್ಕ. "ಮನೇಲಿ ಆ ಸುತ್ತಿಗೆ ನಿನ್ನ ಮೇಲೂ ಬೀಳುತ್ತೇನಯ್ಯಾ?" ಎಂದು ಗಿರಾಕಿಗಳು ಕ್ಷೌರಿಕನನ್ನು ಕಿಚಾಯಿಸುತ್ತಿದ್ದರು. "ನಾನು ಸೊಟ್ಟಗಿದ್ರೆ ತಾನೇ" ಎಂದು ಅವನು ಕತ್ತರಿ ಆಡಿಸುತ್ತಿದ್ದ.

ಹೊಟ್ಟೆಪಾಡಿಗೆ ಎಲ್ಲ ಬಗೆಯ ಲಾರಿಗಳೂ ಸರಿ. ಹುಚ್ಚು ಮಾತ್ರ ಹಳೆಯ ಕಾಲದ ಚಪ್ಪಟೆ ಮೂತಿಯವುಗಳ ಮೇಲೆ. ಮುಂದಕ್ಕೆ ಮೂಗು ಚಾಚದೆ, ಎಂಜಿನ್ನನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಡ್ರೈವರನನ್ನು ಅದರ ಮೇಲೆಯೇ ಕೂರಿಸಿಕೊಳ್ಳುವ ಲಾರಿಗಳು. "ಅದರ ಮುಖ ನೋಡ್ರಿ, ನಗ್ತಿರೋ ಹಾಗಿಲ್ವಾ?" ಎಂದು ಚಿತ್ರ ತೋರಿಸುತ್ತಿದ್ದಳು. ಕ್ಷೌರಿಕ ದಿನವಿಡೀ ಮುಖಗಳನ್ನೇ ನೋಡುವವನು. ಅವನಿಗೆ ಅದರಲ್ಲಿ ನಗು ಕಂಡಿರಲಿಲ್ಲ.

ಅಂಥದ್ದೊಂದು ಸಿಕ್ಕಿದ್ದು ಇಟ್ಟಿಗೆ ಗೂಡಿನ ಬಳಿ, ಕೋಳಿಗೂಡಾಗಿ. ಗಾಜಿನ ಜಾಗದಲ್ಲಿ ತಂತಿಬಲೆ, ಸೀಟಿನ ಮೇಲೆ ಕಾವಿಗೆ ಕುಳಿತ ಹೇಂಟೆ. ಸುತ್ತಿಗೆ ಅಕ್ಕ ಕ್ಯಾಬಿನ್ನಿನ ದುಂಡನೆಯ ಅಂಚಿನ ಮೇಲೆ ಅಂಗೈ ಇಟ್ಟವಳು ತೆಗೆಯಲೇ ಇಲ್ಲ. ಅಷ್ಟರಲ್ಲಿ ಇಟ್ಟಿಗೆ ಗೂಡಿನ ಕಾವಲುಗಾರ ತಾತ ಬಂದ. ಒಂದು ಕಾಲಕ್ಕೆ ಆ ಲಾರಿಯ ಡ್ರೈವರನೂ ಅವನೇ, ಮಾಲೀಕನೂ ಅವನೇ.

"ಕೊಡಲ್ಲ" ಎಂದ, ಇವರು ಬಾಯಿ ತೆರೆಯುವ ಮೊದಲೇ. "ಹಿಂದೊಬ್ಬ ಬಂದಿದ್ದ. ತೊಳೆದು ಬಣ್ಣ ಹೊಡೆದು ಹೋಟ್ಲು ಮುಂದೆ ನಿಲ್ಲಿಸ್ತಾನಂತೆ. ಜನ ಫೋಟೋ ತಗೋತಾರಂತೆ. ಅದಕ್ಕಿಂತ ಕೋಳೀನೇ ಮೇಲು."

"ನಾನು ಓಡಿಸ್ತೀನಿ ತಾತ."

"ಎಲ್ರೂ ಹಾಗೇ ಹೇಳೋದು."

ಮಾತು ಅಲ್ಲಿಗೇ ಮುರಿಯಿತು. ಆದರೆ ಮುಂದಿನ ರಜೆಗೂ ಆಕೆ ಗಂಡನನ್ನು ಅಲ್ಲಿಗೇ ಎಳೆದಳು, ಅದರ ಮುಂದಿನ ರಜೆಗೂ. ಸುಮ್ಮನೆ ನಿಂತು ಬೇಸತ್ತ ಕ್ಷೌರಿಕ, "ತಾತ, ಗಡ್ಡ ಕಾಡು ಬೆಳೆದಂಗೆ ಬೆಳೆದಿದೆಯಲ್ಲ" ಎಂದು ಬೈಕಿನ ಪೆಟ್ಟಿಗೆಯಿಂದ ಹತಾರ ತೆಗೆದ. ಕೆನ್ನೆಗೆ ನೊರೆ ಬಿದ್ದದ್ದೇ ತಾತನ ನಾಲಿಗೆ ಸಡಿಲವಾಯಿತು. ಯಾವ ಏರಿನಲ್ಲಿ ಲಾರಿ ಏದುಸಿರು ಬಿಡುತ್ತಿತ್ತು, ಬೇಸಿಗೆಯಲ್ಲಿ ಎಂಜಿನ್ನಿನ ಮುಚ್ಚಳ ಹೇಗೆ ಕೆಂಡವಾಗುತ್ತಿತ್ತು, ಎಲ್ಲ ಹೇಳಿದ. ಅದನ್ನೆಲ್ಲ ಕೇಳುತ್ತಲೇ ಸುತ್ತಿಗೆ ಅಕ್ಕ ಲಾರಿಯಡಿ ತೂರಿಕೊಂಡಳು. ಗಂಟೆ ಕಳೆದು ಮೈಯೆಲ್ಲ ಮಣ್ಣು, ಕೋಳಿಪುಕ್ಕ ಮೆತ್ತಿಕೊಂಡು ಹೊರಬಂದವಳೇ, "ತಾತ, ಎಡಗಡೆ ಸ್ಪ್ರಿಂಗ್ ಪಟ್ಟಾ ಮುರಿದಾಗ ಬೇರೆ ಗಾಡೀದು ಹಾಕ್ಸಿದ್ರಾ? ಅದಕ್ಕೇ ಮೈ ವಾಲಿದೆ" ಎಂದಳು.

ತಾತ ಅರ್ಧ ಬೋಳಿಸಿದ ಮುಖವನ್ನು ಆಕೆಯ ಕಡೆ ತಿರುಗಿಸಿದ. "ಹೌದು, ಹಾಕ್ಸಿದ್ದೆ. ಕೋಳಿಗಳಿಗೆ ಬೇರೆ ಗೂಡು ಮಾಡ್ಕೊಟ್ಟು ತಗೊಂಡು ಹೋಗಮ್ಮ. ಆದ್ರೆ ದುಡಿಯೋ ಲಾರಿಯಾಗಿ ಓಡ್ಬೇಕು. ಮೊದಲನೇ ಲೋಡು ನನ್ನ ಇಟ್ಟಿಗೆ ಗೂಡಿಂದು."

ಲಾರಿ ಷೆಡ್ಡಿಗೆ ಬಂದ ಮೇಲೆ ಎಂಜಿನ್ನು ಬಿಚ್ಚುವ ಕೆಲಸ ಮೆಕ್ಯಾನಿಕ್ಕಾಗಿದ್ದ ಆಕೆಯ ತಮ್ಮನಿಗೆ ಬಿತ್ತು. ಕ್ಯಾಬಿನ್ನು ಅಕ್ಕನದು. ಕೊಳೆತ ತಗಡು ಕತ್ತರಿಸಿ, ಹೊಸ ತಗಡನ್ನು ಮರಳುಚೀಲದ ಮೇಲಿಟ್ಟು ಬಡಿದು ಬಡಿದು ಕ್ಯಾಬಿನ್ನಿನ ಮೂಲೆಗಳ ಆ ದುಂಡು ಹೆಗಲನ್ನು ಎಬ್ಬಿಸಿದಳು. ಮೂಲ ಬಣ್ಣ ಯಾವುದೆಂದು ತಾತನಿಗೇ ನೆನಪಿರಲಿಲ್ಲ. ಅವನ ಕೈಗೆ ಬರುವಾಗಲೇ ಲಾರಿ ನಾಲ್ಕಾರು ಬಣ್ಣ ಕಂಡಿತ್ತು. ಆಕೆ ಉಜ್ಜಿದರೆ ಎಲ್ಲ ಪದರವೂ ಒಟ್ಟಿಗೇ ಏಳುತ್ತಿತ್ತು. "ಸ್ವಲ್ಪ ಆಚೆ ಸರಿ" ಎಂದು ಕ್ಷೌರಿಕ ಹಳೆಯ ಕತ್ತಿ ತಂದು, ಗಲ್ಲ ಹೆರೆಯುವಷ್ಟೇ ಹಗುರವಾಗಿ ಬಾಗಿಲನ್ನು ಹೆರೆದ. ನೀಲಿ ಹೋಗಿ ಕೆಂಪು, ಕೆಂಪು ಹೋಗಿ ಹಳದಿ, ಕೊನೆಗೆ ತಿಳಿ ಹಸಿರು. ಅಂಚಿನಲ್ಲಿ ಕೆನೆಬಣ್ಣದ ಒಂದು ಗೆರೆ. ಆಕೆ ಗ್ರೀಸು ಮೆತ್ತಿದ ಕೈಯಲ್ಲೇ ಅವನ ಕೆನ್ನೆ ಹಿಂಡಿದಳು. ಆ ಗುರುತು ಒರೆಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಎಲ್ಲ ಮುಗಿದು ಕ್ಯಾಬಿನ್ನನ್ನು ಚಾಸಿಯ ಮೇಲೆ ಇಳಿಸುವ ದಿನ ಅದನ್ನು ಎತ್ತಿ ಹಿಡಿದಿದ್ದ ಚೈನು ಜಾರಿತು. ಕ್ಯಾಬಿನ್ನು ಒಂದು ಮೂಲೆಯ ಮೇಲೆ ದೊಪ್ಪನೆ ಬಿದ್ದು ಬಲ ಹೆಗಲು ಒಳಕ್ಕೆ ಕುಸಿಯಿತು. ತಿಂಗಳುಗಟ್ಟಲೆ ಬಡಿದ ಕೆಲಸ ಕಣ್ಣೆದುರೇ ಮಣ್ಣುಪಾಲು. ತಮ್ಮ ತಲೆಯ ಮೇಲೆ ಕೈಹೊತ್ತು ಕುಳಿತ. "ಅಕ್ಕಾ, ನಂದೇ ತಪ್ಪು. ಕೊಕ್ಕೆ ಸರಿಯಾಗಿ ನೋಡ್ಲಿಲ್ಲ."

ಕ್ಷೌರಿಕ, ಈಗ ಅಳುತ್ತಾಳೆ, ಇಲ್ಲವೇ ತಮ್ಮನಿಗೆ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡ. ಆಕೆ ಕ್ಯಾಬಿನ್ನಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಕುಸಿದ ಜಾಗದಲ್ಲಿ ಬೆರಳಾಡಿಸಿದಳು.

"ಯಾರ ಕಾಲಿಗೂ ಬೀಳ್ಲಿಲ್ಲ ತಾನೇ? ಬಿಡೋ" ಎಂದಳು. "ಈ ಬಲಗಡೇದು ನಂಗೇ ಸಮಾಧಾನ ಆಗಿರ್ಲಿಲ್ಲ. ಎಡಗಡೇದು ಮಾಡೋ ಹೊತ್ತಿಗೆ ಕೈ ಕುದುರಿತ್ತು. ಏಳು, ಕಟ್ಟರ್ ತಾ."

ಹದಿನೇಳು ವರ್ಷ ಸಂಸಾರ ಮಾಡಿದ್ದರೂ ತನ್ನ ಹೆಂಡತಿ ಎಷ್ಟು ಗಟ್ಟಿಗಿತ್ತಿಯೆಂದು ಕ್ಷೌರಿಕನಿಗೆ ಪೂರ್ತಿ ಅರಿವಾದದ್ದು ಆಗ. ಅಂಗಡಿಗೆ ಹೋಗಿ, ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿದ. ಒಬ್ಬ ಗಿರಾಕಿಯ ಮೀಸೆಯ ಒಂದು ತುದಿ ಮಾತಿನ ಭರದಲ್ಲಿ ಹಾರಿಹೋಯಿತು.

ಮಾತು ಕೊಟ್ಟಂತೆ ಮೊದಲ ಲೋಡಿಗೆ ಲಾರಿ ಇಟ್ಟಿಗೆ ಗೂಡಿಗೇ ಹೋಯಿತು. ತಿಳಿ ಹಸಿರು ಮೈ, ಕೆನೆಬಣ್ಣದ ಗೆರೆ, ಎರಡು ಹೋಳಾಗಿ ಹೊಳೆಯುವ ಮುಂದಿನ ಗಾಜು. ತಾತ ಕೈಯೂರಿ ಕ್ಯಾಬಿನ್ನು ಹತ್ತಿ, ಸ್ಟೇರಿಂಗು ಸವರಿ, ಎಂಜಿನ್ನು ಗುರುಗುಟ್ಟುವುದನ್ನು ಕಿವಿಗೊಟ್ಟು ಕೇಳಿದ. ಆಮೇಲೆ ಎಂಜಿನ್ನಿನ ಮುಚ್ಚಳದ ಮೇಲೆ ಕೈಯಿಟ್ಟು ಹುಬ್ಬು ಗಂಟಿಕ್ಕಿದ.

"ಇದೇನಮ್ಮಾ, ಬಿಸೀನೇ ಆಗ್ತಿಲ್ಲ? ಏನೋ ಕೆಟ್ಟಿದೆ."

"ಒಳಗೆ ದಪ್ಪ ಕಂಬಳಿ ಪದರ ಕೂರ್ಸಿದೀನಿ ತಾತ, ಶಾಖ ಬರಬಾರ್ದು ಅಂತ."

"ಥತ್! ಚಳಿಗಾಲದಲ್ಲಿ ನಾನು ಟೀ ಬಿಸಿ ಮಾಡ್ತಿದ್ದದ್ದೇ ಇಲ್ಲಿ" ಎಂದ ತಾತ. ಹಾಗೆನ್ನುತ್ತಲೇ ಕಣ್ಣೊರೆಸಿಕೊಂಡ. ಯಾರೂ ಕೇಳದಿದ್ದರೂ, "ಇಟ್ಟಿಗೆ ಧೂಳು" ಎಂದ.

ಲೋಡು ತುಂಬಿ ಹೊರಟಾಗ ಸ್ಟೇರಿಂಗು ಹಿಡಿದದ್ದು ಸುತ್ತಿಗೆ ಅಕ್ಕ. ಪಕ್ಕದಲ್ಲಿ ಕ್ಷೌರಿಕ. ಮುಂದೆ ಮೂಗೇ ಇಲ್ಲದ ಲಾರಿಯಲ್ಲಿ ರಸ್ತೆ ಸೀದಾ ಕಾಲಡಿಗೇ ನುಗ್ಗಿ ಬರುತ್ತಿತ್ತು. ಎದುರಿನ ವಾಹನಗಳು ಮಡಿಲಿಗೇ ಬಂದು ಬಿದ್ದವೇನೋ ಎಂಬಂತೆ ಬಂದು ಪಕ್ಕಕ್ಕೆ ಸರಿಯುತ್ತಿದ್ದವು. ಅವನು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದ.

"ಏನ್ರೀ, ನೆಲ ತೂತು ಮಾಡ್ತೀರಾ? ಆಮೇಲೆ ನಾನೇ ಬೆಸುಗೆ ಹಾಕ್ಬೇಕು" ಎಂದು ಆಕೆ ನಕ್ಕಳು.

"ನೀನು ರಸ್ತೆ ನೋಡೇ ಮಾರಾಯ್ತಿ" ಎಂದ ಅವನು. ತಾನು ಮಾತ್ರ ರಸ್ತೆ ಬಿಟ್ಟು ಆಕೆಯನ್ನೇ ನೋಡುತ್ತಾ ಕುಳಿತ.