ತ್ಯಾಂಪಣ್ಣನ ಬೆರಳು

ಕಡಬ ಪೇಟೆಯಲ್ಲಿ ಮೂವತ್ತೊಂದು ವರ್ಷಗಳಿಂದ ಸ್ಟುಡಿಯೋ ನಡೆಸುವ ತ್ಯಾಂಪಣ್ಣನಿಗೆ ತನ್ನ ಬಲಗೈಯ ತೋರುಬೆರಳಿನ ಮೇಲೆ ವಿಪರೀತ ಅಭಿಮಾನ. ಮದುಮಗಳು ಕಣ್ಣು ಮುಚ್ಚುವ ಮೊದಲೇ, ಮಗು ಅಳು ತೆಗೆಯುವ ಮೊದಲೇ ಆ ಬೆರಳು ತನ್ನ ಕೆಲಸ ಮುಗಿಸಿರುತ್ತಿತ್ತು. ಅವನು ‘ಅಲ್ಲಾಡ್ಬೇಡಿ’ ಎಂದರೆ ಪಂಚಾಯತ್ ಅಧ್ಯಕ್ಷರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಫೋಟೋ ತೆಗೆದ ಮರುಕ್ಷಣವೇ ಅವನು ‘ಫಸ್ಟ್ ಕ್ಲಾಸ್ ಬಂತು’ ಎನ್ನುವುದು ವಾಡಿಕೆ. ಬಂದಿದೆಯೋ ಇಲ್ಲವೋ ನೋಡುವ ಮೊದಲೇ ಹಾಗೆನ್ನುತ್ತಿದ್ದ. ಅದನ್ನು ಕೇಳಿದರೆ ಜನರಿಗೆ ಸಮಾಧಾನ.

ಈಗ ನಿಲ್ಲುವವರೇ ಕಡಿಮೆ. ಎಲ್ಲರ ಕೈಯಲ್ಲೂ ಮೊಬೈಲು, ಮದುವೆಗೆ ಕರೆಯುವವರೂ ಮೊದಲು ಕೇಳುವುದು ವಿಡಿಯೋ ಉಂಟಾ ಎಂದು. ಐವತ್ತಮೂರನೆಯ ವಯಸ್ಸಿನಲ್ಲಿ ತ್ಯಾಂಪಣ್ಣ ಒಲ್ಲದ ಮನಸ್ಸಿನಿಂದ ಹೊಸ ಕ್ಯಾಮರಾ ತಂದ. ಪುತ್ತೂರಿನ ಅಂಗಡಿಯಾತ ಹೇಳಿಕೊಟ್ಟದ್ದು ಇಷ್ಟೇ: ವಿಡಿಯೋಕ್ಕೂ ಫೋಟೋದ ಗುಂಡಿಯೇ, ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಇಷ್ಟಕ್ಕೆ ಪಾಠ ಬೇಕಾ ಎಂದು ತ್ಯಾಂಪಣ್ಣ ನಕ್ಕುಬಿಟ್ಟ. ಆ ನಗು ನೆನಪಾದರೆ ಈಗ ಅವನಿಗೇ ನಾಚಿಕೆಯಾಗುತ್ತದೆ.

ಮೊದಲ ವಿಡಿಯೋ ಕೆಲಸ ಕೊಟ್ಟವಳು ಕೊಯಿಲದ ತೃಪ್ತಿ. ಅವಳ ಅಪ್ಪ ಸಂಕಪ್ಪ ಅಲ್ಲಿಯ ಜಾನುವಾರು ಫಾರ್ಮಿನಲ್ಲಿ ದನ ಮೇಯಿಸಿಯೇ ನಿವೃತ್ತನಾದವನು. ಅವನು ದನ ಕರೆಯುವ ರೀತಿ ಊರಿಗೆಲ್ಲ ಗೊತ್ತು. ಅದರಲ್ಲಿ ಮಾತಿರಲಿಲ್ಲ, ಎದೆಯಿಂದ ಎಳೆದು ಬಿಡುವ ಉದ್ದದ ಒಂದು ‘ಓ’ ಮಾತ್ರ. ಗುಡ್ಡದಾಚೆ ಮೇಯುವ ದನವೂ ತಲೆ ಎತ್ತುತ್ತಿತ್ತು. ಆ ಗಂಟಲಿಗೆ ಕ್ಯಾನ್ಸರ್ ಬಂದಿತ್ತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲವೆಂದು ಮಂಗಳೂರಿನ ಡಾಕ್ಟರು ದಿನವನ್ನೂ ಗೊತ್ತು ಮಾಡಿದ್ದರು. ತೃಪ್ತಿ ಆ ಕರೆಯನ್ನು ತನ್ನ ಮೊಬೈಲಿನಲ್ಲಿ ಒಮ್ಮೆ ಹಿಡಿದು ನೋಡಿದ್ದಳು. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿರಲಿಲ್ಲ.

“ಫೋಟೋ ಬೇಡ ತ್ಯಾಂಪಣ್ಣ, ಫೋಟೋದಲ್ಲಿ ಸ್ವರ ಇಲ್ವಲ್ಲ,” ಎಂದಿದ್ದಳು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಮನೆಯ ಹಿಂದಿನ ಗುಡ್ಡೆಗೆ ಹೋದರು. ಸಂಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹೆಚ್ಚು ಕೂಗಬಾರದೆಂದು ಡಾಕ್ಟರು ಹೇಳಿದ್ದರಿಂದ ಎರಡೇ ಸಲ ಕರೆಯುವುದೆಂದು ಮಾತಾಗಿತ್ತು. ತ್ಯಾಂಪಣ್ಣ ಗುಂಡಿ ಒತ್ತಿ ಕಣ್ಣನ್ನು ಕ್ಯಾಮರಾಕ್ಕೆ ಅಂಟಿಸಿದ. ಸಂಕಪ್ಪ ಎದೆ ತುಂಬ ಉಸಿರೆಳೆದು, ಕತ್ತು ಎತ್ತಿ ಕರೆದ. ಕತ್ತಿನ ನರ ಉಬ್ಬಿ ಬಂದ ಆ ಗಳಿಗೆ ಎಂಥವನ ಮೈಯನ್ನೂ ಜುಮ್ಮೆನ್ನಿಸುವಂತಿತ್ತು. ದೂರದಲ್ಲಿ ಮೇಯುತ್ತಿದ್ದ ದನಗಳು ತಲೆ ಎತ್ತಿದವು. ಅವನು ಇನ್ನೊಮ್ಮೆ ಕರೆದ. ದನಗಳು ಓಡಿ ಬಂದವು. ತ್ಯಾಂಪಣ್ಣ ಬೆವರು ಒರೆಸಿಕೊಂಡು ಕ್ಯಾಮರಾವನ್ನು ಕೊರಳಿಗೆ ಇಳಿಬಿಟ್ಟ.

ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಅವನಿಗೆ ಹೆದರಿಕೆ. ಅದನ್ನು ನಾಳೆ, ನಾಡಿದ್ದು ಎಂದು ಮುಂದೂಡಿ, ನಡುವೆ ಸಂಪಾಜೆಯಲ್ಲಿ ಒಂದು ಮದುವೆ ಮುಗಿಸಿ, ಐದನೆಯ ದಿನ ಕಂಪ್ಯೂಟರಿನ ಮುಂದೆ ಕೂತ. ಸಂಕಪ್ಪ ಉಸಿರೆಳೆಯುತ್ತಾನೆ, ಅಲ್ಲಿಗೆ ಚಿತ್ರ ತುಂಡು. ಮತ್ತೆ ಶುರುವಾಗುವಾಗ ದನ ತಲೆ ಎತ್ತಿರುತ್ತದೆ. ಮತ್ತೆ ಉಸಿರು, ಮತ್ತೆ ತುಂಡು, ಆಮೇಲೆ ಓಡುವ ದನ. ತ್ಯಾಂಪಣ್ಣ ಮುಂದೆ ನೋಡದೆ ಅಲ್ಲಿಗೇ ನಿಲ್ಲಿಸಿದ. ಒಳ್ಳೆಯ ಗಳಿಗೆ ಬಂದಾಗಲೆಲ್ಲ ಬೆರಳು ತನ್ನ ಪಾಡಿಗೆ ಒತ್ತಿಬಿಟ್ಟಿತ್ತು. ಎರಡೂ ಕರೆಗಳ ಹೊತ್ತಿಗೆ ಕ್ಯಾಮರಾ ಬಂದ್ ಆಗಿತ್ತು. ಮಂಗಳೂರಿನಲ್ಲಿ ಆಪರೇಷನ್ ಮುಗಿದು ನಾಲ್ಕು ದಿನವಾಗಿತ್ತು.

ಕಾರ್ಡು ಹಾಳಾಯಿತೆಂದು ಸುಳ್ಳು ಹೇಳಬಹುದಿತ್ತು. ಎರಡು ವಾರ ಅದನ್ನೇ ಬಾಯಿಪಾಠ ಮಾಡಿದ ಕೂಡ. ಆದರೆ ಸಂಕಪ್ಪ ಮನೆಗೆ ಬಂದನೆಂದು ತಿಳಿದ ದಿನ, ಲ್ಯಾಪ್‌ಟಾಪ್ ಹಿಡಿದು ಹೋಗಿ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ. ತೃಪ್ತಿ ಬೈಯಲಿಲ್ಲ, ಎದ್ದು ಹೋಗಿ ಬಾಗಿಲಿಗೆ ಒರಗಿ ನಿಂತಳು. ಬೈದಿದ್ದರೆ ವಾಸಿಯಿತ್ತು. ಸಂಕಪ್ಪ ಕುತ್ತಿಗೆಯ ಬ್ಯಾಂಡೇಜು ಮುಟ್ಟಿಕೊಂಡು, ತೋರಿಸು ಎಂದು ಕೈಸನ್ನೆ ಮಾಡಿದ.

ಓಡುವ ದನಗಳಾದ ಮೇಲೆ ಚಿತ್ರ ಗಿರ್ರನೆ ತಿರುಗಿ ಕೆಳಗಿಳಿಯಿತು. ಪರದೆಯ ತುಂಬ ತ್ಯಾಂಪಣ್ಣನ ಚಪ್ಪಲಿ ಮತ್ತು ಹುಲ್ಲು. ಕೊರಳಲ್ಲಿ ತೂಗುತ್ತಿದ್ದ ಕ್ಯಾಮರಾ ಓಡುತ್ತಲೇ ಇತ್ತು. ಸಂಕಪ್ಪನ ಸ್ವರ ಸ್ವಲ್ಪ ಒಡೆದಿದ್ದರೂ ಸ್ಪಷ್ಟವಾಗಿ ಕೇಳಿತು.

“ಬಂತಾ ತ್ಯಾಂಪಣ್ಣ? ಸರಿ ಬರ್ಲಿಲ್ಲಾದ್ರೆ ಇನ್ನೊಮ್ಮೆ ಕರೀತೇನೆ ಮಾರಾಯ. ಇವತ್ತಾದ್ರೆ ಕರೀಲಿಕ್ಕೆ ಆಗ್ತದೆ.”

“ಬೇಡ ಸಂಕಪ್ಪಣ್ಣ. ಫಸ್ಟ್ ಕ್ಲಾಸ್ ಬಂತು.”

ತ್ಯಾಂಪಣ್ಣನಿಗೆ ತಲೆ ಎತ್ತಲಾಗಲಿಲ್ಲ. ತೃಪ್ತಿ ಬಾಗಿಲಿನಿಂದ ಬಂದು ಅಪ್ಪನ ಪಕ್ಕ ಕೂತಳು. ಸಂಕಪ್ಪ ಬೆರಳು ಚಾಚಿ, ಅಷ್ಟನ್ನೇ ಮತ್ತೊಮ್ಮೆ ಹಾಕು ಎಂದು ತೋರಿಸಿದ. ಕಾಯಿಲೆಯವನ ಮನೆಯಲ್ಲಿ ಇಲ್ಲವೆನ್ನುವುದು ಹೇಗೆ? ಆ ಸಂಜೆ ಅದನ್ನು ಆರು ಸಲ ಹಾಕಬೇಕಾಯಿತು. ಆರು ಸಲವೂ ಸಂಕಪ್ಪ ಇನ್ನೊಮ್ಮೆ ಕರೀತೇನೆ ಎಂದ, ತ್ಯಾಂಪಣ್ಣ ಬೇಡ ಎಂದ.