ಅಕ್ಕನ ಶಾಲೆ ಮತ್ತು ನಮ್ಮ ಚಾಳಿನ ನಳ

ನಾನು ಚಿಕ್ಕವಳಿದ್ದಾಗ ನಾವು ಮುಂಬಯಿಯ ಮುಲುಂಡಿನ ಒಂದು ಚಾಳಿನಲ್ಲಿದ್ದೆವು. ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಕ್ಕಳೇ, ನೀವು ಈಗ ನೋಡುವ ಎತ್ತರದ ಟವರ್‌ಗಳು ಆಗ ಅಲ್ಲಿರಲಿಲ್ಲ. ತಗಡಿನ ಮಾಡು, ಒಂದೇ ಕೋಣೆ, ಸೀಮೆಎಣ್ಣೆ ಸ್ಟೋವಿನ ಘಾಟು, ಸಂಜೆಯಾದರೆ ಅಪ್ಪನ ಅಂಗಿಯಿಂದ ಹಸಿ ಸಿಮೆಂಟಿನ ವಾಸನೆ. ಅಪ್ಪ ಗೌಂಡಿ. ದಾದರಿನಿಂದ ಬೊರಿವಲಿಯವರೆಗೆ ಕಂಡವರ ಮನೆಗೆಲ್ಲ ಗೋಡೆ ಕಟ್ಟುತ್ತಿದ್ದ. ನಮ್ಮ ಸಾಲಿನಲ್ಲಿದ್ದವರೆಲ್ಲ ನಮ್ಮ ಹಾಗೆ ವಿಜಾಪುರದ ಕಡೆಯಿಂದ ಕೂಲಿಗೆ ಬಂದವರೇ.

ಇಡೀ ಚಾಳಿಗೆ ಇದ್ದದ್ದು ಒಂದೇ ನಳ, ಅದೂ ಆಚೆ ತುದಿಯಲ್ಲಿ. ಬೆಳಗಾಗುವ ಮೊದಲೇ ಕೊಡಗಳ ಸಾಲು ಬೀದಿಯವರೆಗೆ ಬೆಳೆಯುತ್ತಿತ್ತು. ತಾಮ್ರದ್ದು, ಹಿತ್ತಾಳೆಯದು, ತಳ ಸೋರುವ ಡಬ್ಬ, ಎಲ್ಲವೂ ತಮ್ಮ ಒಡತಿಯರ ಪರವಾಗಿ ಸರದಿ ಕಾಯುತ್ತಿದ್ದವು. ಅಪ್ಪ ಅವ್ವ ಇಬ್ಬರೂ ನಸುಕಿಗೇ ಕೆಲಸಕ್ಕೆ ಹೊರಡುತ್ತಿದ್ದರಿಂದ ನೀರು ತರುವುದು ಅಕ್ಕನ ಪಾಲಿಗೆ ಬಂದಿತ್ತು. ಅವಳು ಕೊಡ ತುಂಬಿಸಿ ತಂದು, ಒದ್ದೆ ಲಂಗದಲ್ಲೇ ಶಾಲೆಗೆ ಓಡುತ್ತಿದ್ದಳು. ಓಡಿದರೂ ತಡವಾಗುತ್ತಿತ್ತು. ಇನ್ನು ಹೀಗೇ ಆದರೆ ಹಾಜರಿ ಪಟದಿಂದ ಹೆಸರು ತೆಗೆಯುತ್ತೇವೆ ಎಂದು ಶಾಲೆಯಲ್ಲಿ ಹೇಳಿದ್ದರು. ಲೆಕ್ಕದಲ್ಲಿ ಅವಳೇ ತರಗತಿಗೆ ಮೊದಲು. ನನಗೆ ಹೊಟ್ಟೆಕಿಚ್ಚಾಗುವಷ್ಟು ಜಾಣೆ.

ಚುನಾವಣೆಗೆ ನಿಂತವರು ನಮ್ಮ ಸಾಲಿಗೂ ನಳ ಕೊಡುತ್ತೇವೆಂದು ಮಾತು ಕೊಟ್ಟಿದ್ದರು. ಅಪ್ಪ ಹೊಸ ಅಂಗಿ ಹಾಕಿಕೊಂಡು ವೋಟು ಹಾಕಿ ಬಂದು, ಮಸಿ ಹತ್ತಿದ ಬೆರಳನ್ನು ಮದುವೆಯ ಉಂಗುರದ ಹಾಗೆ ಕಂಡಕಂಡವರಿಗೆ ತೋರಿಸಿದ. ಅಲ್ಲಿಗೆ ತನ್ನ ಕೆಲಸ ಮುಗಿಯಿತು ಎಂದುಕೊಂಡ. ಆದರೆ ಪಕ್ಕದ ಕೋಣೆಯವಳು, ಚಾಳಿನವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳು, ಹಾಗೆ ಬಿಡುವವಳಲ್ಲ. ಸೊಲ್ಲಾಪುರದವಳು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದಳು. ಶನಿವಾರ ಬಂತೆಂದರೆ ವಾರ್ಡ್ ಆಫೀಸಿಗೆ ಹೊರಟು ಬಾಗಿಲು ಬಾಗಿಲಿಗೂ ನಿಂತು ಕರೆಯುತ್ತಿದ್ದಳು.

"ಚಲಾ ಭಾವು. ವೋಟ್ ಹಾಕಿ ಮನ್ಯಾಗ ಕುಂತ್ರ ನಳ ತಾನಽ ನಡಕೋತ ಬರತೈತೇನು?"

"ನಾವು ಹೊಟ್ಟಿಪಾಡಿಗಿ ಬಂದವರು ಮಾವಶಿ. ಈ ಊರು ನಿಮ್ಮದು, ನೀವ ಕೇಳ್ರಿ," ಎನ್ನುತ್ತಿದ್ದ ಅಪ್ಪ. ನಮ್ಮ ಸಾಲಿನ ಗಂಡಸರೆಲ್ಲರದೂ ಅದೇ ಮಾತು. ಎರಡು ವರ್ಷ ದುಡಿದು ಊರಿಗೆ ಹೋಗುವವರು ನಾವು ಎಂದು ಅವರು ಹತ್ತು ವರ್ಷದಿಂದ ಹೇಳುತ್ತಿದ್ದರು.

ಒಂದು ದಿನ ಸಿಮೆಂಟ್ ಬಂದಿಲ್ಲವೆಂದು ಅಪ್ಪನಿಗೆ ಕೆಲಸವಿರಲಿಲ್ಲ. ಅಕ್ಕನೂ ಮನೆಯಲ್ಲಿದ್ದಳು. ತಡವಾಗಿ ಬಂದಳೆಂದು ಗೇಟಿನಿಂದಲೇ ಅವಳನ್ನು ವಾಪಸು ಕಳಿಸಿದ್ದರು. ನಾವು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಾಗ ಹೊರಗೆ ಬೂಟಿನ ಸದ್ದಾಯಿತು. ಮಾವಶಿಯ ಕಾಟ ತಾಳಲಾರದೆ ವಾರ್ಡ್ ಆಫೀಸಿನ ಸಾಹೇಬ ಕೊನೆಗೂ ಬಂದಿದ್ದ. ಈ ಸಲ ಒಂದೇ ಪೈಪು ಎಳೆಯುವುದು, ನಮ್ಮ ಸಾಲಿಗೋ ನಾಲೆಯಾಚೆಯ ಚಾಳಿಗೋ ಎಂದು ನೋಡಲು. ಸಾಹೇಬನ ಖಾಕಿ ಬಟ್ಟೆಯ ಜವಾನನನ್ನು ಕಂಡದ್ದೇ ತಡ, ನಮ್ಮ ಸಾಲಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅಪ್ಪ ಎದ್ದು ನಮ್ಮದನ್ನೂ ಮುಚ್ಚಿ ಚಿಲಕ ಹಾಕಿದ.

ಮಾವಶಿ ಅಂಗಳದಲ್ಲಿ ಒಬ್ಬಳೇ ನಿಂತು ಮಾತಾಡುತ್ತಿದ್ದಳು. ಸಾಹೇಬ ಬೇಸರದಿಂದ ಕೇಳಿದ, "ಬಾಕೀ ಲೋಗ್ ಕಹಾಂ ಹೈ, ಬಾಯಿ? ತಕಲೀಫ್ ಹೈ ತೋ ಬಾಹರ್ ಕ್ಯೂಂ ನಹೀಂ ಆತೇ?"

ಕಷ್ಟವಿದ್ದವರು ಹೊರಗೆ ಯಾಕೆ ಬರುವುದಿಲ್ಲ ಎಂಬ ಆ ಮಾತು ಒಳಗಿದ್ದ ನಮಗೆಲ್ಲ ಕೇಳಿಸಿತು. ಅಕ್ಕ ತಟ್ಟೆ ಬಿಟ್ಟು ಎದ್ದಳು.

"ಅಪ್ಪಾ, ನಾ ಹೋಗಿ ಹೇಳ್ಲೇನು?"

"ಸುಮ್ಮ ಕುಂಡ್ರವ್ವಾ. ದೊಡ್ಡವರ ಮಾತಿದು. ಹೆಸರು ಬರಕೊಂಡು ನಾಳಿ ನಾವಿರೂ ಖೋಲಿನಽ ಕಿತ್ತಿಸಿದ್ರ?"

ಅಕ್ಕ ಕುಳಿತಳು. ತುತ್ತು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬೂಟಿನ ಸದ್ದು ನಾಲೆಯ ಕಡೆಗೆ ಹೋಯಿತು. ಮಾವಶಿ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಪ್ಪ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ.

ಪೈಪು ಆಚೆಯ ಚಾಳಿಗೆ ಹೋಯಿತು. ಮಳೆಗಾಲಕ್ಕೆ ಮೊದಲೇ ಅಕ್ಕನ ಹೆಸರೂ ಪಟದಿಂದ ಹೋಯಿತು. ಆ ಸುದ್ದಿ ಬಂದ ದಿನ ಅಪ್ಪನಿಗೆ ಊಟ ಸೇರಲಿಲ್ಲ. ಅಕ್ಕ ರೊಟ್ಟಿ ಬಡಿಸಲು ಬಂದರೆ ಮುಖ ಆಚೆ ತಿರುಗಿಸುತ್ತಿದ್ದ. ಮುಂದಿನ ಶನಿವಾರ ಮಾವಶಿ ಕರೆಯುವ ಮೊದಲೇ ಅವಳ ಬಾಗಿಲಲ್ಲಿ ಹೋಗಿ ನಿಂತ. ಕೂಲಿ ಬಿಟ್ಟು ಅವಳ ಜೊತೆ ವಾರ್ಡ್ ಆಫೀಸಿಗೆ ಹೋದ, ಮರುವಾರವೂ ಹೋದ, ಸಾಲಿನವರನ್ನೆಲ್ಲ ಗದರಿಸಿ ಎಬ್ಬಿಸಿಕೊಂಡು ಹೋದ. ನಳ ಬರುವ ಹೊತ್ತಿಗೆ ಇನ್ನೂ ಎರಡು ಮಳೆಗಾಲ ಕಳೆದಿದ್ದವು. ಅಷ್ಟರಲ್ಲಿ ಅಕ್ಕ ಮತ್ತೆ ಶಾಲೆಗೆ ಸೇರುವ ವಯಸ್ಸು ದಾಟಿತ್ತು.

ಹೊಸ ನಳದಲ್ಲಿ ಅಕ್ಕನೇ ಮೊದಲ ಕೊಡ ತುಂಬಿಸಲಿ ಎಂದು ಅಪ್ಪ ಹಟ ಹಿಡಿದ. ಕೊಡ ಕ್ಷಣದಲ್ಲಿ ತುಂಬಿತು. ಆಗಿನ್ನೂ ಶಾಲೆಯ ಮಕ್ಕಳು ಪಾಟಿಚೀಲ ಹೊತ್ತು ಹೊರಟಿದ್ದರು. ಮಾಡಲು ಬೇರೆ ಕೆಲಸವಿಲ್ಲದೆ ಅಕ್ಕ ಹೊಸ್ತಿಲ ಮೇಲೆ ಕುಳಿತು ಅವರನ್ನು ನೋಡಿದಳು. ಅಪ್ಪ ಅವಳ ಪಕ್ಕ ಕುಳಿತು, "ತಪ್ಪಾತವ್ವಾ," ಎಂದ. ನಾನು ಅಪ್ಪ ಅತ್ತದ್ದು ನೋಡಿದ್ದು ಅದೊಂದೇ ಸಲ.

ಈಗ ನಿಮ್ಮ ಮನೆಯಲ್ಲಿ ಕೋಣೆಗೊಂದು ನಳವಿದೆ. ವೋಟಿನ ದಿನ ನಿಮ್ಮ ಅಪ್ಪ ಅಮ್ಮ ಚೆಂದದ ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಳಗೆ ಫುಟ್‌ಪಾತ್ ಅಗೆದು ಹಾಕಿ ತಿಂಗಳುಗಳಾದವು. ವಾಚ್‌ಮನ್ನನ ಮಗಳು ಬಸ್ಸುಗಳ ನಡುವೆ ನುಸುಳಿ ಶಾಲೆಗೆ ಹೋಗುತ್ತಾಳೆ. ಯಾರಾದರೂ ಕಂಪ್ಲೇಂಟ್ ಮಾಡುತ್ತಾರೆ ಬಿಡು ಎಂದು ಹತ್ತನೇ ಮಹಡಿಯಲ್ಲಿ ನಾವೆಲ್ಲ ಟೀ ಕುಡಿಯುತ್ತೇವೆ. ಆಗೆಲ್ಲ ನನಗೆ ಟೀ ಕಹಿಯಾಗುತ್ತದೆ.

ನಿಮ್ಮ ದೊಡ್ಡಜ್ಜಿ ಮನೆಗೆ ಬಂದಾಗ ಮೊಬೈಲು ನಿಮ್ಮ ಕೈಗೆ ಕೊಟ್ಟು, ಇದರಲ್ಲಿ ಇಂಗ್ಲಿಷಿನಲ್ಲಿ ಏನು ಬಂದಿದೆ ಓದಿ ಹೇಳಿ ಎನ್ನುತ್ತಾಳಲ್ಲ, ಆಗ ನೀವು ಮುಸಿಮುಸಿ ನಗುತ್ತೀರಿ. ನಗಬೇಡಿ ಮಕ್ಕಳೇ. ಅವಳೇ ನನ್ನ ಅಕ್ಕ.