ಟ್ಯಾಲೋ ಹಳ್ಳದಲ್ಲಿ ಉಳ್ಕೊಂಡವಳು

"ಓಜೆಟ್ಟಾ ಪಿಕೆನ್ಸ್ ಹಟ ಹಿಡಿದು ಕೂತರೆ ಹೇಸರಗತ್ತೆಗೇ ನಾಚಿಕೆಯಾಗಿ ಎದ್ದು ಗಾಡಿ ಎಳೆಯುತ್ತದೆ" ಎಂದು ಟ್ಯಾಲೋ ಹಳ್ಳದ ನೆರೆಯವರು ಆಡಿಕೊಳ್ಳುತ್ತಿದ್ದರು. ಚರ್ಚಿನ ಊಟಕ್ಕೆ ಮೀನು ಕರಿಯುವವಳು ಅವಳೇ. ಎಣ್ಣೆ ಕಾದಿಲ್ಲವೆಂದು ಪಾದ್ರಿಯನ್ನೇ ಕಾಯಿಸಿದ ಹೆಂಗಸು.

ಅಲಬಾಮಾ ಸರ್ಕಾರ ವಿಧಾನಸಭಾ ಕ್ಷೇತ್ರಗಳ ಗೆರೆಯನ್ನು ಹೊಸದಾಗಿ ಎಳೆದಾಗ ಟ್ಯಾಲೋ ಹಳ್ಳದ ಕಪ್ಪು ಜನರ ಕೇರಿಯನ್ನು ಮೂರು ಸೀಳು ಮಾಡಿತು. ಒಂದೊಂದು ಸೀಳನ್ನು ಒಂದೊಂದು ಬಿಳಿಯರ ಪೇಟೆಗೆ ಅಂಟಿಸಿತು. ಒಟ್ಟಿಗಿದ್ದರೆ ತಮ್ಮವನೊಬ್ಬನನ್ನು ಗೆಲ್ಲಿಸಬಹುದಾಗಿದ್ದ ಜನ ಇನ್ನು ಎಲ್ಲಿಯೂ ಗೆಲ್ಲುವಂತಿರಲಿಲ್ಲ.

"ಜೋಳದ ರೊಟ್ಟಿ ಪುಡಿ ಮಾಡಿ ಮಜ್ಜಿಗೇಲಿ ಕಲಸ್ದಂಗೆ ಕಲಸವ್ರೆ ನಮ್ಮನ್ನ. ಹುಡುಕಿದ್ರೂ ಸಿಗಾಕಿಲ್ಲ ಇನ್ನು," ಎಂದಳು ಓಜೆಟ್ಟಾ.

ಕೇರಿಯವರು ಕೋರ್ಟಿಗೆ ಹೋದರು. ಆ ಗೆರೆ ಸೀಳಿದ ಕೇರಿಯಲ್ಲೇ ವಾಸವಿದ್ದವರು ಮಾತ್ರ ದಾವೆ ಹೂಡಬಹುದಿತ್ತು. ಟ್ರಕ್ಕಿನಲ್ಲಿ ಬಂದ ಬಿಳಿಯರು ಸಹಿ ಹಾಕಿದವರ ಕಿಟಕಿಗೆ ಇಟ್ಟಿಗೆ ಎಸೆದರು. ಒಬ್ಬನ ಮೊಣಕೈಯನ್ನು ಕಬ್ಬಿಣದ ಸಲಾಕೆಯಿಂದ ಮುರಿದರು. ಕೆಲವರು ಹೆಸರು ಹಿಂತೆಗೆದುಕೊಂಡರು, ಕೆಲವರು ಊರನ್ನೇ ಬಿಟ್ಟರು. ಕೊನೆಗೆ ಓಜೆಟ್ಟಾಳ ಹೆಸರೊಂದೇ ನಿಂತಿತು. ಅವಳು ಮನೆ ಬಿಟ್ಟರೆ ದಾವೆ ಅಲ್ಲಿಗೇ ಸತ್ತಂತೆ. ಇದು ಕೇರಿಗೆ ಗೊತ್ತಿತ್ತು. ಟ್ರಕ್ಕಿನಲ್ಲಿ ಬರುತ್ತಿದ್ದವರಿಗೂ ಗೊತ್ತಿತ್ತು.

ಅವರು ಮೊದಲು ಅವಳ ನಾಯಿಯನ್ನು ಕೊಂದು ಬೇಲಿಗೆ ತೂಗುಹಾಕಿದರು. ಆಮೇಲೊಂದು ಭಾನುವಾರ ಗಂಡ ಲೆಮ್ಯುಯೆಲ್ ಜಗಲಿಯಲ್ಲಿ ಅಲಸಂದೆ ಸುಲಿಯುತ್ತಾ ಕೂತಿದ್ದಾಗ ರಸ್ತೆಯಿಂದಲೇ ಗುಂಡು ಹೊಡೆದರು. ಕಾಳಿನ ಬೋಗುಣಿಯ ಮೇಲೆಯೇ ಅವನು ಮಕಾಡೆ ಬಿದ್ದ. ಹಸಿ ಅಲಸಂದೆ ರಕ್ತದಲ್ಲಿ ತೇಲಿ ಮೆಟ್ಟಿಲಿಳಿಯಿತು.

ತಂಗಿ ವೆಲ್ಮಾ ಅವಳನ್ನು ಹೊಳೆಯಾಚೆಯ ತನ್ನ ಮನೆಗೆ ಕರೆದೊಯ್ದಳು. ಗಂಡನನ್ನು ಮಣ್ಣು ಮಾಡಿದ ಮೇಲೆ ಓಜೆಟ್ಟಾ ತನ್ನ ಮನೆಗೆ ತಿರುಗಿ ಹೊರಟಳು.

"ಅಕ್ಕಾ, ನಿನ್ನೂ ಹೂಳೋಕೆ ನನ್ನ ಕೈಲಾಗಲ್ಲ ಕಣೇ."

"ಹೂಳಬೇಡ ಬಿಡು. ಪಾದ್ರಿಗೆ ಸಂಬಳ ಯಾಕೆ ಕೊಡ್ತೀವಿ?"

ವಾರ ಕಳೆಯುವುದರೊಳಗೆ ಮನೆಗೆ ಬೆಂಕಿ ಬಿತ್ತು. ಮುಂಭಾಗವೆಲ್ಲ ಬೂದಿ, ಹಿತ್ತಲ ಅಡುಗೆಕೋಣೆ ಮಾತ್ರ ನಿಂತಿತ್ತು. ಅಂಗೈ ಸುಟ್ಟು ಚರ್ಮ ಸುಲಿದಿದ್ದರೂ ಅವಳು ಅಲ್ಲೇ ಒಲೆಯ ಪಕ್ಕ ಮಂಚ ಹಾಕಿಕೊಂಡಳು.

ಆ ಕೇರಿಯಲ್ಲಿ ಯಾರನ್ನೂ "ನಿನ್ನ ವಾಸ ಎಲ್ಲಿ" ಎಂದು ಕೇಳುವುದಿಲ್ಲ. "ಎಲ್ಲಿ ಉಳ್ಕೊಂಡಿದೀಯ" ಎನ್ನುವುದೇ ರೂಢಿ. ಹುಟ್ಟಿದ ಮನೆಯಲ್ಲೇ ಸಾಯುವವನೂ ಅಲ್ಲಿ "ಉಳ್ಕೊಂಡಿರುತ್ತಾನೆ". ಕೋರ್ಟಿನಲ್ಲಿ ಸರ್ಕಾರದ ವಕೀಲ ಆ ಮಾತನ್ನೇ ಹಿಡಿದ.

"ಗಂಡ ಸತ್ತ ಮೇಲೆ ಎಲ್ಲಿದ್ರಿ?"

"ತಂಗಿ ಮನೇಲಿ ಉಳ್ಕೊಂಡಿದ್ದೆ, ಸ್ವಾಮಿ."

"ಈಗ?"

"ಅಡಿಗೆಮನೇಲಿ ಉಳ್ಕೊಂಡಿದೀನಿ."

ವಕೀಲ ನ್ಯಾಯಾಧೀಶರತ್ತ ತಿರುಗಿದ. "ಅವರೇ ಹೇಳ್ತಿದಾರೆ. ಅಲ್ಲಿ ನಾಕು ದಿನ, ಇಲ್ಲಿ ನಾಕು ದಿನ. ಇದು ವಾಸವಲ್ಲ, ಬರೀ ತಂಗೋದು. ದಾವೆ ವಜಾ ಮಾಡಿ."

ಓಜೆಟ್ಟಾಳ ಸುಟ್ಟ ಕೈ ಕಟಕಟೆಯ ಮರವನ್ನು ಹಿಡಿಯಿತು. "ಗುಂಡು ಹೊಡೆದ್ರು, ಉಳ್ಕೊಂಡೆ. ಬೆಂಕಿ ಹಚ್ಚಿದ್ರು, ಉಳ್ಕೊಂಡೆ. ಇದಕ್ಕೆ ನಿಮ್ ಕಡೆ ಬೇರೆ ಮಾತಿದ್ರೆ ಅದನ್ನೇ ಬರ್ಕೊಳಿ, ಸ್ವಾಮಿ."

ತೀರ್ಪನ್ನು ಮುಂದಕ್ಕೆ ಹಾಕಿದರು. ಅಂದಿನಿಂದ ಅವಳು ಹೊಸಿಲು ದಾಟಲಿಲ್ಲ. ಒಂದು ರಾತ್ರಿ ಹೊರಗೆ ಕಳೆದರೂ ವಕೀಲ ಮತ್ತೆ ಮಾತು ತಿರುಚಿಯಾನೆಂಬ ಭಯ. ನೀರು, ಹಿಟ್ಟು ನೆರೆಯವರೇ ತಂದುಕೊಟ್ಟರು.

ತೀರ್ಪಿನ ದಿನ ಮಧ್ಯಾಹ್ನ ಟ್ರಕ್ಕು ಮತ್ತೆ ಬಂತು. ಹಲಗೆ ಗೋಡೆಯನ್ನು ತೂರಿಬಂದ ಗುಂಡು ಅವಳ ಹೊಟ್ಟೆಗೆ ಹೊಕ್ಕಿತು. ಪಕ್ಕದ ಮನೆಯ ಬುಕರ್ ಓಡಿಬಂದು ಎತ್ತಲು ಹೋದರೆ ಅವಳು ಒಲೆಯ ಕಬ್ಬಿಣದ ಕಾಲನ್ನು ಅವುಚಿ ಹಿಡಿದಿದ್ದಳು.

"ಬಿಡಮ್ಮಾ ತಾಯಿ, ಆಸ್ಪತ್ರೆಗೆ ಹೋದ್ರೆ ದಾವೆ ಬಿದ್ದೋಗಲ್ಲ!"

"ಆ ವಕೀಲ ಬೀಳಿಸ್ತಾನೆ. ಮುಟ್ಟಬೇಡ."

ಬೆರಳು ಬಿಡಿಸಲು ಮೂವರು ನೆರೆಯವರು ಹೆಣಗಿದರು. ಒಬ್ಬನ ಮುಂಗೈಯನ್ನು ಕಚ್ಚಿಯೇಬಿಟ್ಟಳು. ನೆಲದ ಹಲಗೆಯ ಸಂದುಗಳಲ್ಲಿ ರಕ್ತ ಹರಿಯತೊಡಗಿತು. ಅಷ್ಟರಲ್ಲಿ ವೆಲ್ಮಾ ಪೇಟೆಯಿಂದ ಏದುಸಿರು ಬಿಡುತ್ತಾ ಬಂದಳು.

"ಅಕ್ಕಾ, ಗೆರೆ ಅಳಿಸ್ಬಿಟ್ರು! ಕೇರೀನ ಒಂದೇ ಕಡೆ ಸೇರಿಸ್ಬೇಕು ಅಂತ ಜಡ್ಜು ಹೇಳ್ದ!"

"ಆಣೆ ಮಾಡು."

"ಅಮ್ಮನ ಗೋರಿಯಾಣೆ."

ಓಜೆಟ್ಟಾ ಒಲೆಯ ಕಾಲನ್ನು ಬಿಟ್ಟಳು. ಗಂಡಸರು ಬಾಗಿಲನ್ನೇ ಕಿತ್ತು, ಅದರ ಮೇಲೆ ಅವಳನ್ನು ಮಲಗಿಸಿ ಎತ್ತಿದರು.

"ನಿಧಾನ ಕಣ್ರೋ," ಎಂದಳು ಹೊಸಿಲು ದಾಟುವಾಗ.